ಕತ್ತಿನಲ್ಲಿ ಏನೂ ಇಲ್ಲವಂತೆ

ಜೋಳದ ಸಪ್ಪೆ ಹೇರಿದ ಗಾಡಿಯ ಮೇಲಿಂದ ಬಿದ್ದಾಗ ನನಗೆ ಹದಿನೇಳು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದೆ. ನಮ್ಮ ಹೊಲ ಅಜ್ಜಂಪುರದಿಂದ ಒಂದೂವರೆ ಮೈಲಿ, ಶಿವನಿಯ ಕಡೆಗೆ. ದನಗಳಿಗೆ ವರ್ಷದ ಮೇವು ಸಾಗಿಸುವ ದಿನ. ಅಪ್ಪ ಗಾಡಿ ಹೊಡೆಯುತ್ತಿದ್ದ. ಹೊರೆ ಎಡಕ್ಕೆ ವಾಲುತ್ತಿದೆ ಅನ್ನಿಸಿ, ಹಿಂದೆ ನಡೆದು ಬರುತ್ತಿದ್ದ ನನ್ನನ್ನು ಕರೆದು, "ಮೇಲ್ ಹತ್ತಿ ಬಲಗಡೆ ಕೂತ್ಕ ಮಗಾ, ನಿನ್ನ ಭಾರಕ್ಕೆ ನಿಲ್ತದೆ" ಅಂದ. ಹತ್ತಿ ಕೂತೆ. ಹಳ್ಳ ದಾಟುವ ಕಡೆ ಚಕ್ರ ಗುಂಡಿಗೆ ಇಳಿಯಿತು. ಹಗ್ಗ ಸಡಿಲವಾಗಿತ್ತೋ ಏನೋ, ಸಪ್ಪೆಯ ಜೊತೆ ನಾನೂ ಜಾರಿದೆ. ತಲೆ ಮೊದಲು ನೆಲಕ್ಕೆ ತಾಗಿತು. ಕತ್ತಿನೊಳಗೆ ಒಣಕಡ್ಡಿ ಲಟಕ್ಕೆಂದ ಹಾಗೆ ಒಂದು ಸದ್ದು. ಅದು ನನಗೆ ಮಾತ್ರ ಕೇಳಿಸಿತು.

ಸ್ವಲ್ಪ ಹೊತ್ತು ಎದ್ದೇಳಲಿಲ್ಲ. ಆಮೇಲೆ ಎದ್ದೆ. ಎದ್ದು ಮನೆಯವರೆಗೆ ನಡೆದುಕೊಂಡೇ ಬಂದೆ. ನಡೆದು ಬಂದವಳಿಗೆ ಏನಾಗಿರುತ್ತದೆ ಎಂದು ಎಲ್ಲರೂ ಅಂದುಕೊಂಡರು. ಮಾರನೆಯ ದಿನ ಕತ್ತು ಅಲ್ಲಾಡಿಸಲು ಬರಲಿಲ್ಲ. ಕೈಕಾಲು ಉಳುಕಿದರೆ ಎಣ್ಣೆ ಹಚ್ಚಿ ತಿದ್ದುವವನೊಬ್ಬ ನಮ್ಮ ಪಕ್ಕದ ಹಳ್ಳಿಯಲ್ಲಿದ್ದ. ಅವನು ಬಂದು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ತಿರುವಿದ. ನಾನು ಕಿರುಚಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತಂತೆ. ಆ ಕೈಗಳಲ್ಲಿ ಸಾಯದೆ ಉಳಿದದ್ದು ಹೇಗೆಂದು ಎಷ್ಟೋ ವರ್ಷಗಳ ಮೇಲೆ ಒಬ್ಬ ಡಾಕ್ಟರು ಆಶ್ಚರ್ಯಪಟ್ಟರು. ಅವತ್ತು ಆತ ನಮ್ಮ ಮನೆಯಲ್ಲಿ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಹೋದ.

ತಿಂಗಳು ಕಳೆದರೂ ನೋವು ಹೋಗಲಿಲ್ಲ. ಅವ್ವನ ಒತ್ತಾಯಕ್ಕೆ ಅಪ್ಪ ತರೀಕೆರೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಶಿವಮೊಗ್ಗಕ್ಕೆ ಕಳಿಸಿ ಎಕ್ಸ್‌ರೇ ತೆಗೆಸಿದರು. ತಣ್ಣಗಿದ್ದ ಮೇಜಿನ ಮೇಲೆ ಮಲಗಿಸಿ, ಉಸಿರು ಹಿಡಿ ಅಂದದ್ದು ನೆನಪಿದೆ. ದೊಡ್ಡ ಕಂದು ಲಕೋಟೆ ಹಿಡಿದುಕೊಂಡು ಮತ್ತೆ ತರೀಕೆರೆಗೆ ಬಂದೆವು. ಡಾಕ್ಟರ ಕೋಣೆಗೆ ಅಪ್ಪ ಒಬ್ಬನೇ ಹೋದ. ಅವ್ವ ಮತ್ತು ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಅಪ್ಪ ತುಂಬಾ ಹೊತ್ತು ಬರಲಿಲ್ಲ. ಬಂದಾಗ ಲಕೋಟೆಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದ.

"ಕತ್ತಿನಲ್ಲಿ ಏನೂ ಇಲ್ಲವಂತೆ" ಅಂದ. "ಬರೀ ಉಳುಕಂತೆ. ತಾನಾಗೇ ಹೋಯ್ತದಂತೆ."

ಬಸ್‌ಸ್ಟ್ಯಾಂಡಿನಲ್ಲಿ ನನಗೆ ಕಬ್ಬಿನ ಹಾಲು ಕುಡಿಸಿದ. ಕತ್ತು ಹಿಂದಕ್ಕೆ ಬಾಗದ್ದರಿಂದ ಲೋಟದ ಕೊನೆಯ ಗುಟುಕು ಕುಡಿಯಲಾಗಲಿಲ್ಲ. ಆದರೂ ನನಗೆ ಖುಷಿಯಾಗಿತ್ತು. ಏನೂ ಇಲ್ಲವಲ್ಲ!

ಏನೂ ಇಲ್ಲದ ಆ ಜಾಗದಿಂದಲೇ ಪ್ರತಿ ಬೆಳಿಗ್ಗೆ ನೋವು ಹೊರಡುತ್ತಿತ್ತು. ತಲೆಬುರುಡೆ ಕತ್ತಿಗೆ ಕೂಡುವ ಕಡೆ, ಬಲಗಡೆಗೆ, ಹೆಬ್ಬೆರಳಷ್ಟು ಜಾಗ. ಅಲ್ಲಿಂದ ಕಿವಿಯ ಹಿಂದೆ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಬಲಗಣ್ಣಿನ ಹಿಂದೆ ಕೂತುಬಿಡುತ್ತಿತ್ತು. ಅದು ಕೂತ ಮೇಲೆ ಬೆಳಕು ಬೇಡ, ಮಾತು ಬೇಡ, ಒಗ್ಗರಣೆಯ ವಾಸನೆ ಬೇಡ. ಬಟ್ಟೆ ಒಣಗಿ ಹಾಕಲು ತಂತಿಯ ಕಡೆ ನೋಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ನಾನು ಹೇಳಿದಾಗಲೆಲ್ಲ ಅಪ್ಪ, "ಡಾಕ್ಟ್ರೇ ಏನೂ ಇಲ್ಲ ಅಂದವ್ರೆ" ಎಂದು ಎದ್ದು ಹೊರಗೆ ಹೋಗುತ್ತಿದ್ದ. ಡಾಕ್ಟರು ಸುಳ್ಳು ಹೇಳುತ್ತಾರೆಯೇ? ಹಾಗಾದರೆ ಸುಳ್ಳು ನಾನೇ ಇರಬೇಕು. ನಿಧಾನವಾಗಿ ಹೇಳುವುದನ್ನು ಬಿಟ್ಟೆ.

ತುರ್ತು ಪರಿಸ್ಥಿತಿ ಇದ್ದ ಕಾಲದಲ್ಲಿ ಕಡೂರಿನ ಕೊಬ್ಬರಿ ವ್ಯಾಪಾರದ ಮನೆಯವರು ಹೆಣ್ಣು ನೋಡಲು ಬಂದರು. ಅವ್ವ ಸೀರೆ ಉಡಿಸುತ್ತಾ, "ತಲೆ ತಗ್ಗಿಸಿಕಂಡೇ ಇರು, ನೋವಿದ್ರೂ ಮುಖದ ಮ್ಯಾಲೆ ತೋರಿಸ್ಬ್ಯಾಡ" ಅಂದಳು. ಉಪ್ಪಿಟ್ಟಿನ ತಟ್ಟೆಗಳನ್ನಿಟ್ಟು, ಎಲ್ಲರಿಗೂ ಬಗ್ಗಿ ನಮಸ್ಕಾರ ಮಾಡಿದೆ. ನಾಲ್ಕನೆಯವರಿಗೆ ಬಗ್ಗಿದ ಮೇಲೆ ಕತ್ತು ಮೇಲಕ್ಕೆ ಬರಲೇ ಇಲ್ಲ. ಹಾಗೇ ನೆಲ ನೋಡುತ್ತಾ ಚಾಪೆಯ ಮೇಲೆ ಕೂತೆ. ಅವರು ಹೋಗುವವರೆಗೂ ಅವರ ಕಾಲುಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಗಂಡಿನ ತಾಯಿಗೆ ಅದೇ ಹಿಡಿಸಿತು. "ಎಷ್ಟು ನಯ ಕಣ್ರೀ ಹುಡುಗಿ, ಒಂದ್ ಸಲನೂ ತಲೆ ಎತ್ತಲಿಲ್ಲ" ಅಂದರು. ಮದುವೆ ಗೊತ್ತಾಯಿತು.

ಕಡೂರಿನ ಮನೆಯಲ್ಲಿ ಗಂಡ, ಅತ್ತೆ, ನಾನು. ಮಾವ ಇರಲಿಲ್ಲ. ಮನೆಯ ಮುಂಭಾಗದಲ್ಲೇ ಕೊಬ್ಬರಿ ಮಂಡಿ. ಕುಡಿಯುವ ನೀರಿನ ಬಾವಿ ಮೂರು ಬೀದಿ ಆಚೆ. ತಲೆಯ ಮೇಲೆ ಒಂದು ಹಿತ್ತಾಳೆ ಕೊಡ, ಸೊಂಟದಲ್ಲಿ ಒಂದು; ಬೆಳಿಗ್ಗೆ ನಾಲ್ಕು ಸಲ, ಸಂಜೆ ಎರಡು ಸಲ. ಒಂಬತ್ತು ವರ್ಷ ಹೊತ್ತೆ. ತಲೆಗೆ ಬಟ್ಟೆಯ ಸಿಂಬಿ ಇಟ್ಟು ಕೊಡ ಏರಿಸಿದ ಕೂಡಲೇ ಕತ್ತಿನೊಳಗೆ ಮರಳು ಅರೆದ ಹಾಗೆ ಸದ್ದಾಗುತ್ತಿತ್ತು. ಬೇರೆ ಹೆಂಗಸರಿಗೂ ಹಾಗೇ ಆಗುತ್ತದೆಂದು ನಾನು ತಿಳಿದಿದ್ದೆ. ಅವರು ಸಹಿಸುತ್ತಾರೆ, ನನಗೆ ಸಹಿಸಲು ಬರುವುದಿಲ್ಲ, ಅಷ್ಟೇ.

ಯಾರಾದರೂ ಹಿಂದಿನಿಂದ ಕರೆದರೆ ನಾನು ಕತ್ತು ತಿರುಗಿಸುತ್ತಿರಲಿಲ್ಲ. ನಿಂತು, ಇಡೀ ಮೈ ತಿರುಗಿಸಿ, ಆಮೇಲೆ ಓ ಅನ್ನಬೇಕಿತ್ತು. ತಲೆಯ ಮೇಲೆ ಕೊಡವಿದ್ದರೆ ಅದೂ ಇಲ್ಲ. ಬೀದಿಯಲ್ಲಿ ನನಗೆ ಬಿಗುಮಾನದವಳು ಎಂಬ ಹೆಸರು ಬಂತು. ಒಮ್ಮೆ ಸಿಂಗಟಗೆರೆಯಿಂದ ಬಂದಿದ್ದ ಅತ್ತೆಯ ತಂಗಿ ನನ್ನೆದುರಿಗೇ, "ಏನಕ್ಕಾ, ನಿನ್ನ ಸೊಸೆ ಕರೆದ್ರೆ ಅಮಲ್ದಾರ್ ತಿರುಗಿದಂಗೆ ತಿರುಗ್ತಾಳಲ್ಲ!" ಅಂದು ನಕ್ಕರು. ಅತ್ತೆ ನಗಲಿಲ್ಲ. "ನೋವು ಅಂತಾಳೆ. ಕೆಲಸ ಇದ್ದಾಗ ಇರ್ತದೆ, ತೌರಿಗೆ ಹೊರಟಾಗ ಇರಲ್ಲ" ಅಂದರು.

ಅದು ಪೂರ್ತಿ ಸುಳ್ಳಲ್ಲ. ತೌರಿಗೆ ಹೋದಾಗ ನೀರು ಹೊರುವುದು ತಪ್ಪುತ್ತಿತ್ತು, ನಾಲ್ಕು ದಿನ ಕಳೆದರೆ ನೋವು ಒಂದಿಷ್ಟು ಇಳಿಯುತ್ತಿತ್ತು. ನನ್ನ ಮೇಲಿನ ಅಪವಾದಕ್ಕೆ ನನ್ನ ದೇಹವೇ ಸಾಕ್ಷಿ ಹೇಳುತ್ತಿತ್ತು.

ಔಷಧಿ ಕೊಡಿಸಲಿಲ್ಲವೆಂದು ನಾನು ಹೇಳಲಾರೆ. ನನ್ನ ಗಂಡ ಕೆಟ್ಟವರಲ್ಲ, ಅವರಿಗೆ ಬೇಸರವಾಗಿತ್ತು. ಕಡೂರಿನ ಒಬ್ಬ ಡಾಕ್ಟರು ನನ್ನನ್ನು ಒಂದು ಮಾತೂ ಕೇಳದೆ ಅವರನ್ನೇ ಕೇಳಿ, ಮಗು ಆದರೆ ಎಲ್ಲ ಸರಿಹೋಗುತ್ತದೆ ಅಂದರು. ಮಗಳು ಹುಟ್ಟಿದಳು. ಅವಳಿಗೆ ಹಾಲು ಕುಡಿಸಲು ಬಗ್ಗಿ ಕೂತರೆ ಕಣ್ಣಿನ ಹಿಂದೆ ಮೊಳೆ ಹೊಡೆದಂತಾಗುತ್ತಿತ್ತು. ಇನ್ನೊಬ್ಬರು ಕಣ್ಣಿನ ದೋಷ ಅಂದರು, ಕನ್ನಡಕ ಬಂತು. ಬೀರೂರಿನಲ್ಲಿ ಒಬ್ಬರು ಹಲ್ಲಿನಿಂದ ಬಂದ ತಲೆನೋವು ಅಂತ ಎರಡು ದವಡೆ ಹಲ್ಲು ಕಿತ್ತರು. ಕಿತ್ತ ಹಲ್ಲುಗಳನ್ನು ನಾನು ತಟ್ಟೆಯಲ್ಲಿ ನೋಡಿದೆ, ಒಂದು ಚುಕ್ಕೆಯೂ ಇಲ್ಲದ ಗಟ್ಟಿ ಹಲ್ಲುಗಳು. ಮಠಕ್ಕೆ ಹೋಗಿ ವಿಭೂತಿ ತಂದರು, ತಾಯಿತ ಕಟ್ಟಿದರು. ಕೊನೆಗೆ ಅತ್ತೆಯ ತಂಗಿಯ ಮಾತು ಕೇಳಿ ಸಿಂಗಟಗೆರೆಯಲ್ಲಿ ಒಬ್ಬ ಮುದುಕಿಯ ಕೈಯಲ್ಲಿ ಕತ್ತಿಗೆ ಬರೆ ಹಾಕಿಸಿದರು. ಕಾಯಿಸಿದ ಬಳೆಚೂರಿನಿಂದ ಮೂರು ಸಲ. ಬರೆ ಹಾಕಿದ ವಾರ ನಾನು ನೋವು ಕಡಿಮೆಯಾಗಿದೆ ಅಂದೆ. ಇನ್ನೊಂದು ಸಲ ಹಾಕಿಬಿಡುತ್ತಾರೆಂದು ಹೆದರಿ ಹಾಗಂದೆ.

"ನೋಡ್ದಾ, ಬರೆ ಬಿದ್ದ ಮ್ಯಾಲೆ ಹೋಯ್ತು" ಅಂದರು ಅತ್ತೆ. ಮುಂದಿನ ವಾರ ನಾನು ಮತ್ತೆ ಮಲಗಿದಾಗ ಯಾರೂ ಏನೂ ಕೇಳಲಿಲ್ಲ.

ಎಂಬತ್ತೈದರ ಬೇಸಗೆಯಲ್ಲಿ ಬಲಗೈಯ ಎರಡು ಬೆರಳು ಜೋಮು ಹಿಡಿಯಲು ಶುರುವಾಯಿತು. ಬಾವಿಯ ಹತ್ತಿರ ಒಂದು ದಿನ ಕೊಡ ಕೈಯಿಂದ ಜಾರಿ, ಕಲ್ಲಿಗೆ ಬಡಿದು ನಜ್ಜುಗುಜ್ಜಾಯಿತು. ಅದು ಅತ್ತೆಯ ಮದುವೆಯ ಕೊಡ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಬೇಕಂತಲೇ ಬಿಟ್ಟಿದೀಯ" ಅಂದರು. ನಾನು ಇಲ್ಲ ಅನ್ನಲಿಲ್ಲ. ಹೌದೋ ಇಲ್ಲವೋ ನನಗೇ ಖಾತ್ರಿಯಿರಲಿಲ್ಲ. ಹನ್ನೆರಡು ವರ್ಷ ಒಬ್ಬರ ಮಾತನ್ನು ಯಾರೂ ನಂಬದಿದ್ದರೆ ಹಾಗಾಗುತ್ತದೆ.

ಮಗಳ ಶಾಲೆಯ ಮೇಡಂ ತರೀಕೆರೆಯವರು. ಮಿಲಿಟರಿಯಲ್ಲಿದ್ದು ಬಂದ ಒಬ್ಬ ವಯಸ್ಸಾದ ಡಾಕ್ಟರು ಅಲ್ಲಿ ಮನೆಯಲ್ಲೇ ರೋಗಿಗಳನ್ನು ನೋಡುತ್ತಾರೆಂದು, ಮೂಳೆ ನೋವಿಗೆ ಒಳ್ಳೆಯವರೆಂದು ಅವರು ಹೇಳಿದರು. ತೌರಿಗೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಹೇಳಿ, ಮಗಳನ್ನು ಅತ್ತೆಯ ಬಳಿ ಬಿಟ್ಟು, ಶಿವಮೊಗ್ಗದ ರೈಲು ಹತ್ತಿ ತರೀಕೆರೆಯಲ್ಲಿ ಇಳಿದೆ. ಮದುವೆಯಾದ ಮೇಲೆ ನಾನು ಒಬ್ಬಳೇ ರೈಲು ಹತ್ತಿದ್ದು ಅದೇ ಮೊದಲು.

ಆ ಡಾಕ್ಟರು ಕೇಳಿದ ಮೊದಲ ಮಾತು, "ಎಲ್ಲಿ ಶುರುವಾಗುತ್ತಮ್ಮ? ಬೆರಳಿಟ್ಟು ತೋರಿಸು."

ನಾನು ತೋರಿಸಿದೆ. ಅವರು ಅದೇ ಜಾಗದಲ್ಲಿ ಮೆಲ್ಲಗೆ ಬೆರಳಿಟ್ಟರು. ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ವರ್ಷಗಳಲ್ಲಿ ಕಣ್ಣು ನೋಡಿದವರಿದ್ದರು, ನಾಲಿಗೆ ನೋಡಿದವರಿದ್ದರು. ಮದುವೆಯಾದ ಮೇಲೆ ನನ್ನ ಕತ್ತು ಮುಟ್ಟಿ ನೋಡಿದ ಡಾಕ್ಟರು ಅವರೊಬ್ಬರೇ. ಬರೆಯ ಗುರುತು ಕಂಡು, "ಯಾರು ಈ ಕೆಲಸ ಮಾಡಿದ್ದು?" ಎಂದು ಗದರಿದರು. ಅವತ್ತೇ ಚೀಟಿ ಕೊಟ್ಟು ಶಿವಮೊಗ್ಗಕ್ಕೆ ಕಳಿಸಿದರು. ಸಂಜೆ ಲಕೋಟೆಯನ್ನು ಚೀಲದೊಳಗೇ ಇಟ್ಟುಕೊಂಡು ಅಜ್ಜಂಪುರಕ್ಕೆ ಹೋಗಿ ಉಳಿದು, ಮಾರನೆಯ ಬೆಳಿಗ್ಗೆ ಅದರೊಂದಿಗೆ ಅವರ ಮುಂದೆ ಕೂತೆ.

ಅವರು ಫಿಲಂ ಅನ್ನು ಕಿಟಕಿಗೆ ಹಿಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಯಾವಾಗ ಬಿದ್ದಿದ್ದೆ?"

"ಮದುವೆಗೆ ಮುಂಚೆ. ಗಾಡಿ ಮೇಲಿಂದ."

"ಇಲ್ಲಿ ನೋಡು. ಮೇಲಿಂದ ಎರಡನೇ ಮೂಳೆ. ಮುರಿದು, ಸೊಟ್ಟಗೆ ಕೂಡಿಕೊಂಡಿದೆ. ಆಗ ಎಕ್ಸ್‌ರೇ ತೆಗೆಸಲಿಲ್ವಾ?"

"ತೆಗೆಸಿದ್ರು. ಏನೂ ಇಲ್ಲ ಅಂದ್ರಂತೆ."

"ಅಂದ್ರಂತೆ ಅಂದ್ರೆ? ಡಾಕ್ಟರು ನಿನಗೆ ಹೇಳಿದ್ರಾ?"

"ಇಲ್ಲ. ಅಪ್ಪ ಹೇಳಿದ್ರು."

ಅವರು ನನ್ನ ಮುಖ ನೋಡಿದರು. ಆಮೇಲೆ ಫಿಲಂ ಅನ್ನು ನಿಧಾನವಾಗಿ ಲಕೋಟೆಗೆ ಹಾಕಿದರು. "ಇದು ಕಾಣದೇ ಇರೋ ಅಂಥ ಮುರಿತ ಅಲ್ಲಮ್ಮ" ಎಂದಷ್ಟೇ ಹೇಳಿದರು. ತಲೆಯ ಮೇಲೆ ಇನ್ನು ಒಂದು ಹುಲ್ಲುಕಡ್ಡಿಯನ್ನೂ ಹೊರಬಾರದು, ಕತ್ತಿಗೆ ಪಟ್ಟಿ ಹಾಕಿಕೊಳ್ಳಬೇಕು ಅಂದರು. ಪೂರ್ತಿ ವಾಸಿಯಾಗುತ್ತದೆಯೇ ಎಂದು ಕೇಳಿದೆ. "ಆಗ ಹಿಡಿದಿದ್ದರೆ ಆಗ್ತಿತ್ತು" ಅಂದರು. ಸುಳ್ಳು ಸಮಾಧಾನ ಹೇಳದೆ ಇದ್ದದ್ದಕ್ಕೆ ಇವತ್ತಿಗೂ ಅವರ ಮೇಲೆ ಗೌರವವಿದೆ.

ಅಜ್ಜಂಪುರದ ಬಸ್ಸಿನಲ್ಲಿ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕೋಪ ಇನ್ನೂ ಬಂದಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನಗೆ ಹಬ್ಬದಂತೆ ಅನ್ನಿಸುತ್ತಿತ್ತು. ನಾನು ಸುಳ್ಳಲ್ಲ, ನನ್ನ ನೋವಿಗೆ ಒಂದು ಮೂಳೆಯಿದೆ!

ಅಪ್ಪ ಪಡಸಾಲೆಯಲ್ಲಿ ಬೀಜಕ್ಕೆಂದು ಶೇಂಗಾ ಸುಲಿಯುತ್ತಿದ್ದ. ನಾನು ಲಕೋಟೆಯನ್ನು ಮುಂದಿಟ್ಟೆ. ಅದರ ಬಣ್ಣ ನೋಡಿಯೇ ಅವನ ಕೈ ನಿಂತಿತು. ಒಳಗೇನಿದೆ ಎಂದು ಅವನು ಕೇಳಲಿಲ್ಲ. ಅಲ್ಲಿಯವರೆಗೂ ನನ್ನ ಮನಸ್ಸಿನ ಮೂಲೆಯಲ್ಲಿ, ಅಪ್ಪನಿಗೆ ಡಾಕ್ಟರ ಇಂಗ್ಲಿಷ್ ಅರ್ಥವಾಗಿರಲಿಕ್ಕಿಲ್ಲ ಎಂಬ ಆಸೆಯಿತ್ತು.

"ನಿನಗೆ ಗೊತ್ತಿತ್ತಾ ಅಪ್ಪಾ?"

"ಗೊತ್ತಿತ್ತು ಕಣವ್ವ."

"ಏನಂದಿದ್ರು?"

"ಸಿಮೆಂಟು ಪಟ್ಟಿ ಹಾಕಿ ಮೂರು ತಿಂಗಳು ಮಲಗಿಸ್ಬೇಕು ಅಂದ್ರು. ಮೂರು ತಿಂಗಳು ಮಲಗಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು. ಕತ್ತು ಮುರಿದ ಹುಡುಗೀನ ಯಾರು ಒಪ್ಕತಾರೆ? ನಿನ್ನ ಹಿಂದೆ ಇನ್ನಿಬ್ರು ಇದ್ರು."

"ಆ ಎಕ್ಸ್‌ರೇ ಎಲ್ಲಿ?"

"ಬಚ್ಚಲ ಒಲೆಗೆ ಹಾಕ್ದೆ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಮೈ ತಿರುಗಿಸಿ ಅವಳ ಕಡೆ ನೋಡಿದಾಗ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅವಳಿಗೂ ಗೊತ್ತಿತ್ತು ಎಂಬುದಕ್ಕೆ ಬೇರೆ ಮಾತು ಬೇಕಿರಲಿಲ್ಲ.

"ನಿನ್ನ ಒಳ್ಳೇದಕ್ಕೇ ಮಾಡಿದ್ದು" ಅಂದ ಅಪ್ಪ. "ಮದುವೆ ಆಯ್ತು, ಮಗಳಾದ್ಲು, ಸಂಸಾರ ನಡೀತೈತೆ. ಇನ್ನೇನಾಗ್ಬೇಕಿತ್ತು?"

ಗಾಡಿಯ ಮೇಲೆ ಹತ್ತಿ ಕೂರು ಅಂದವನು ನೀನೇ ಅಲ್ಲವೇ ಎಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಅವನು ಮತ್ತೆ ಶೇಂಗಾ ಕೈಗೆತ್ತಿಕೊಂಡ. ಒಂದನ್ನೂ ಒಡೆಯಲಾಗಲಿಲ್ಲ. ನನಗೆ ಅಯ್ಯೋ ಅನ್ನಿಸಲಿಲ್ಲ. ಅವತ್ತು ಊಟ ಮಾಡದೆ ಮಧ್ಯಾಹ್ನದ ರೈಲಿಗೆ ಹೊರಟೆ.

ಕಡೂರಿಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ಫಿಲಂ ಅನ್ನು ತಲೆಕೆಳಗಾಗಿ ಹಿಡಿದು ಬಾಗಿಲ ಬೆಳಕಿಗೆ ನೋಡಿದರು.

"ಅಂದ್ರೆ ಇಷ್ಟು ದಿನ ನೀನು ಹೇಳ್ತಿದ್ದದ್ದು ನಿಜಾನೇನೇ?"

"ನಿಜ."

ಅವರು ಮುಂದೆ ಏನೋ ಹೇಳುತ್ತಾರೆಂದು ಕಾದೆ. ಒಂಬತ್ತು ವರ್ಷ ಕಾದಿದ್ದ ಮಾತು ಅದು. ತಪ್ಪಾಯ್ತು ಅನ್ನುವುದೂ ಬೇಡ, ಎಷ್ಟು ನೋವಾಗಿರಬೇಕು ನಿನಗೆ ಅಂದಿದ್ದರೆ ಸಾಕಿತ್ತು. ಅವರ ಮುಖ ಕೆಂಪಾಯಿತು. "ಹಂಗಾದ್ರೆ ನಿಮ್ಮಪ್ಪ ನಮಗೆ ಟೋಪಿ ಹಾಕ್ದ!" ಅಂದರು.

ಭಾನುವಾರ ಮಂಡಿ ಮುಚ್ಚಿ ಅಜ್ಜಂಪುರಕ್ಕೆ ಹೊರಟರು. ನನ್ನನ್ನೂ ಕರೆದುಕೊಂಡು ಹೋದರು, ಸಾಕ್ಷಿಗೆ. ಅದೇ ಪಡಸಾಲೆಯಲ್ಲಿ ಇಬ್ಬರೂ ಎದುರುಬದುರು ಕೂತರು.

"ಏನ್ ಮಾವ ಇದು? ಮುರಿದಿದ್ದನ್ನ ಮುಚ್ಚಿಟ್ಟು ಕಟ್ಟಿದ್ರಲ್ಲ ನಮಗೆ!"

"ನೀವು ನೋಡಿ ಒಪ್ಕಂಡು ಹೋದ್ರಿ ಕಣ್ರೀ. ನಾನು ಬಲವಂತ ಮಾಡಿರಲಿಲ್ಲ."

"ಎಕ್ಸ್‌ರೇ ಸುಟ್ಟು ಹಾಕಿ ನೋಡಿ ಅಂದ್ರೆ ಏನ್ ನೋಡೋದು? ನೆಟ್ಟಗಿದ್ದ ಸಂಬಂಧ ನಾಲ್ಕು ಬಂದಿದ್ವು ನನಗೆ."

"ಒಂಬತ್ತು ವರ್ಷ ನಿಮ್ಮ ಮನೇಲಿ ದುಡಿದಿಲ್ವೇ ಅವಳು? ಯಾವ ಕೆಲಸಕ್ಕೆ ಕಡಿಮೆ ಮಾಡವ್ಳೆ, ಹೇಳಿ."

ಮಂಗಳವಾರದ ಸಂತೆಯಲ್ಲಿ ಎತ್ತಿನ ಮೈಮೇಲಿನ ಕೆಟ್ಟ ಸುಳಿ ಮುಚ್ಚಿಟ್ಟು ಮಾರಿದವನೂ ಕೊಂಡವನೂ ಹೀಗೇ ಜಗಳವಾಡುತ್ತಾರೆ. ಎತ್ತು ಪಕ್ಕದಲ್ಲಿ ನಿಂತಿರುತ್ತದೆ. ಇಬ್ಬರಲ್ಲಿ ಒಬ್ಬರೂ ನನ್ನ ಕಡೆ ತಿರುಗಿ ಈಗ ನೋವಿದೆಯಾ ಎಂದು ಕೇಳಲಿಲ್ಲ. ಇತ್ತು. ಬಸ್ಸಿನ ಕುಲುಕಾಟಕ್ಕೆ ಬಲಗಣ್ಣು ಮುಚ್ಚಿಹೋಗುವಷ್ಟು ಇತ್ತು.

"ಮುರಿದಿರೋದು ನನ್ನ ಕತ್ತು" ಅಂದೆ. ಇಬ್ಬರೂ ನನ್ನ ಕಡೆ ತಿರುಗಿದರು. "ಮೋಸ ಹೋದೋಳು ನಾನು. ನೀವಿಬ್ರೂ ಯಾಕೆ ಅಳ್ತಾ ಇದೀರಿ?"

ಅಲ್ಲಿಂದೆದ್ದು ಸ್ಟೇಷನ್ನಿಗೆ ನಡೆದೆ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಒಂದು ಗಂಟೆಗೂ ಹೆಚ್ಚು ಕೂತಾದ ಮೇಲೆ ಗಂಡ ಬಂದರು. ಬೀರೂರು ದಾಟಿದ ಮೇಲೆ ಅವರು, "ಬೋಗೀಲಿ ಗಾಳಿ ಜೋರಾಗೈತೆ, ಕತ್ತಿಗೆ ಸೆರಗು ಸುತ್ಕ" ಅಂದರು. ಅವರ ಕೈಲಾದದ್ದು ಅಷ್ಟು.

ಮಾರನೆಯ ಬೆಳಿಗ್ಗೆ ಏಳುವಷ್ಟರಲ್ಲಿ ಕೊಡ ಜಾಗದಲ್ಲಿರಲಿಲ್ಲ. ಅತ್ತೆ ನೀರಿಗೆ ಹೋಗಿದ್ದರು. ಅರವತ್ತು ದಾಟಿದವರು, ಒಂದೇ ಕೊಡ ಸೊಂಟದಲ್ಲಿಟ್ಟುಕೊಂಡು ಏದುಸಿರು ಬಿಡುತ್ತಾ ಬಂದರು. ನಾನು ಇಳಿಸಿಕೊಳ್ಳಲು ಹೋದರೆ ಕೈ ತಳ್ಳಿದರು. ನಾಲ್ಕನೆಯ ಸಲ ಬಂದು ಕಟ್ಟೆಯ ಮೇಲೆ ಕೂತು, ನನ್ನ ಮುಖ ನೋಡದೆ ಅಂದರು: "ನೀನು ಬಾಯ್ಬಿಟ್ಟು ಹೇಳ್ತಲೇ ಇದ್ದೆ ಕಣೇ. ನಾನೇ ಕೇಳಿಸ್ಕಳ್ಲಿಲ್ಲ."

ನನ್ನನ್ನು ಎಲ್ಲರಿಗಿಂತ ಹೆಚ್ಚು ಚುಚ್ಚಿದ್ದವರು ಅವರು. ತಪ್ಪು ತನ್ನದು ಎಂದು ಒಪ್ಪಿಕೊಂಡವರೂ ಅವರೊಬ್ಬರೇ. ಬೀದಿಯವರಿಗೆ ಮಾತ್ರ ಇನ್ನೊಂದು ಕಾರಣ ಸಿಕ್ಕಿತು. ಮುದುಕಿಯ ಕೈಲಿ ನೀರು ಹೊರಿಸಿ, ಸೊಸೆ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾಳೆ ಎಂದು ಆಡಿಕೊಂಡರು. ಅತ್ತೆ ಒಂದು ದಿನ ಬಾವಿಯ ಹತ್ತಿರ ಅವರ ಜೊತೆ ಜಗಳ ಆಡಿ ಬಂದರಂತೆ. ಎರಡು ವರ್ಷದ ಮೇಲೆ ಬೀದಿಗೆ ನಲ್ಲಿ ಬಂತು. ಅಷ್ಟು ಹೊತ್ತಿಗೆ ಅವರ ಮೊಣಕಾಲೂ ಹೋಗಿತ್ತು.

ಎಕ್ಸ್‌ರೇ ತೆಗೆಸಿದ ಮುಂದಿನ ವರ್ಷ ಮಾಘದಲ್ಲಿ ನನ್ನ ಕೊನೆಯ ತಂಗಿಯ ಮದುವೆ. ಕರೆಯಲು ಅಪ್ಪ ಕಡೂರಿಗೆ ಬಂದ. ನನ್ನ ಗಂಡ ಮಂಡಿಯಿಂದ ಏಳಲಿಲ್ಲ. ಅತ್ತೆ ಕಾಫಿ ಕೊಟ್ಟು ಒಳಗೆ ಹೋದರು. ಲಗ್ನಪತ್ರಿಕೆ ನನ್ನ ಕೈಗಿಟ್ಟು ಅಪ್ಪ ಖಾಲಿ ಕಾಫಿ ಲೋಟ ತಿರುಗಿಸುತ್ತಾ ಕೂತ. ಕ್ಷಮಿಸು ಅನ್ನಲು ಮಾತು ಹುಡುಕುತ್ತಿದ್ದಾನೆ ಎಂದುಕೊಂಡೆ. ಎಷ್ಟಾದರೂ ಅಪ್ಪ, ಅವನಿಗೆ ಸುಲಭವಾಗಲಿ ಎಂದು ನಾನೇ, "ಏನಪ್ಪಾ?" ಅಂದೆ.

"ಆ ಪಟ್ಟಿ ಒಂದು ಹಾಕ್ಕಂಡು ಬರಬ್ಯಾಡ ಕಣವ್ವ. ಬೀಗರು ಏನು ಎತ್ತ ಅಂತ ಕೇಳ್ತಾರೆ. ಒಂದು ದಿನದ ಮಾತು."

ನಾನು ಅವನ ಲೋಟ ಎತ್ತಿಕೊಂಡು ಒಳಗೆ ಹೋದೆ.

ಪಟ್ಟಿ ಹಾಕಿಕೊಂಡೇ ಹೋದೆ. ರೇಷ್ಮೆ ಸೀರೆಯ ಮೇಲೆ ಗದ್ದದವರೆಗೆ ಬಿಳಿ ಪಟ್ಟಿ. ಅವ್ವ ನೋಡಿ ಕಣ್ಣು ಕೆಳಗೆ ಹಾಕಿದಳು. ಧಾರೆ ಮುಗಿದ ಮೇಲೆ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಪಕ್ಕದಲ್ಲಿ ಬಂದು ಕೂತು, "ಏನಾಗೈತೆ ತಾಯಿ ಕತ್ತಿಗೆ?" ಎಂದು ಕೇಳಿದರು. ಅಪ್ಪ ಎರಡು ಮಾರು ದೂರದಲ್ಲಿ ಯಾರಿಗೋ ತಾಂಬೂಲ ಕೊಡುತ್ತಿದ್ದ.

"ಗಾಡಿ ಮೇಲಿಂದ ಬಿದ್ದು ಮುರೀತು" ಅಂದೆ, ಅವನಿಗೂ ಕೇಳಿಸುವ ಹಾಗೆ.

"ಅಯ್ಯೋ! ಯಾವಾಗ?"

"ಮದುವೆಗೆ ಮುಂಚೆ. ನಮ್ಮಪ್ಪಂಗೆ ಗೊತ್ತಿತ್ತು."

ಆಕೆ ನನ್ನ ಮುಖವನ್ನೂ ಅಪ್ಪನ ಬೆನ್ನನ್ನೂ ನೋಡಿ, ಮುಂದೆ ಕೇಳದೆ ನನ್ನ ಕೈ ಹಿಡಿದುಕೊಂಡು ಕೂತರು. ತಂಗಿಯ ಮದುವೆಗೆ ಇದರಿಂದ ಏನೂ ಆಗಲಿಲ್ಲ. ಅವಳ ಗಂಡನ ಮನೆಯವರು ಆಮೇಲೂ ನನ್ನನ್ನು ಕಂಡಾಗಲೆಲ್ಲ ಮೊದಲು ಕತ್ತು ಹೇಗಿದೆ ಎಂದೇ ಕೇಳುತ್ತಿದ್ದರು. ಅಪ್ಪ ಹೆದರಿದ್ದ ಲೋಕ ಅಷ್ಟು ಕೆಟ್ಟದ್ದಾಗಿರಲಿಲ್ಲ. ನನ್ನ ಕತ್ತನ್ನು ಅವನು ಕೊಟ್ಟದ್ದು ಆ ಭಯಕ್ಕೆ.

ಅವನು ಆಮೇಲೆ ನನ್ನ ಜೊತೆ ಮಾತು ಬಿಟ್ಟ. ನಾನೂ ಹೋಗಿ ಮಾತಾಡಿಸಲಿಲ್ಲ. ಎಂಬತ್ತೊಂಬತ್ತರಲ್ಲಿ ತೀರಿಕೊಂಡ. ಸುದ್ದಿ ಬಂದ ಬೆಳಿಗ್ಗೆ ನನಗೆ ಕಣ್ಣು ತೆರೆಯಲಾಗದಷ್ಟು ತಲೆನೋವು. ಗಂಡ ನೋಡಿ, "ಆಗಲ್ಲ ಅಂದ್ರೆ ಬ್ಯಾಡ ಬಿಡು, ನಾನೊಬ್ನೇ ಹೋಗ್ ಬತ್ತೀನಿ" ಅಂದರು. ಎರಡು ಮಾತ್ರೆ ನುಂಗಿ, ಪಟ್ಟಿ ಬಿಗಿದುಕೊಂಡು ಹೊರಟೆ. ಎಲ್ಲರೂ ಬಗ್ಗಿ ಅವನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ನಾನು ನಿಂತೇ ಕೈ ಮುಗಿದೆ.